ಬಳೆಗಾರ ನಾರಾಯಣಪ್ಪನವರು ಯೋಗಿ ನಾರೇಯಣರಾದ ಬಗೆ

ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನದಿಯು ಗೌರಿಬಿದನೂರನ್ನು ದಾಟಿ ಹಿಂದೂಪುರದ ಸೀಮೆಗೆ ಇಳಿದು, ಪಾವಗಡದ ನಾಗಲಮಡಿಕೆಯನ್ನು ಸೋಕಿ, ಮತ್ತೆ ಅನಂತಪುರದ ಬಯಲಿಗೆ ಹರಿದು ಹೋಗುತ್ತದೆ. ಈ ನದಿಗೆ ಕನ್ನಡ ನಾಡು ಎಲ್ಲಿ ಮುಗಿಯಿತು, ತೆಲುಗು ನಾಡು ಎಲ್ಲಿ ಮೊದಲಾಯಿತು ಎಂಬುದು ಗೊತ್ತಿಲ್ಲ. ನದಿಯ ಎರಡು ದಡದ ಜನರಿಗೂ ಅದು ಅಷ್ಟಾಗಿ ಗೊತ್ತಿರಲಿಲ್ಲ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಪಾವಗಡ, ಬಾಗೇಪಲ್ಲಿ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವುದು ತಲೆತಲಾಂತರದಿಂದ ಬಂದ ರೂಢಿ. ಮಡಕಶಿರಾದ ಅಮರಾಪುರ, ರೊಳ್ಳ ಸುತ್ತಿನ ಊರುಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಇಂತಹ ಎರಡು ನಾಲಿಗೆಯ ಸೀಮೆಯಲ್ಲಿ, ಎರಡು ಭಾಷೆಯಲ್ಲಿಯೂ ಹಾಡಿ, ಎರಡು ಭಾಷೆಯವರಿಗೂ ತಾತನಾದ ಮಹಾನುಭಾವರೇ ಕೈವಾರದ ಶ್ರೀ ಯೋಗಿ ನಾರೇಯಣ ಯತೀಂದ್ರರು. ಭಕ್ತರ ಬಾಯಲ್ಲಿ ಅವರು ಕೈವಾರದ ತಾತಯ್ಯನವರು.

ತಾತಯ್ಯನವರು ಜನಿಸಿದ್ದು ಕ್ರಿ.ಶ. 1726ರಲ್ಲಿ, ಕೈವಾರ ಗ್ರಾಮದಲ್ಲಿ. ಹಿಂದೆ ಕೋಲಾರ ಜಿಲ್ಲೆಯಲ್ಲಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಚಿಂತಾಮಣಿ ತಾಲ್ಲೂಕಿನ ಊರು ಇದು. ಪಾಂಡವರು ಅಜ್ಞಾತರಾಗಿ ತಂಗಿದ್ದ ಏಕಚಕ್ರಪುರ ಇದೇ ಎಂದೂ, ಭೀಮಸೇನನು ಬಕಾಸುರನನ್ನು ಕೊಂದದ್ದು ಇಲ್ಲಿನ ಬೆಟ್ಟದಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಊರಿನ ಆರಾಧ್ಯದೈವ ಶ್ರೀ ಅಮರನಾರಾಯಣಸ್ವಾಮಿ. ಬಲಿಜ ಕುಲದ ಕೊಂಡಪ್ಪ, ಮುದ್ದಮ್ಮ ಎಂಬ ದಂಪತಿಗಳು ಈ ಸ್ವಾಮಿಯನ್ನು ಸೇವಿಸಿ ಪಡೆದ ಮಗುವಿಗೆ ನಾರಾಯಣಪ್ಪ ಎಂದು ಹೆಸರಿಟ್ಟರು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳು ಕಾಲವಾದರು. ಹೆಚ್ಚಿನ ವಿದ್ಯಾಭ್ಯಾಸ ಅವರಿಗೆ ದೊರೆಯಲಿಲ್ಲವೆಂದು ಪರಂಪರೆ ಹೇಳುತ್ತದೆ. ಬೆಳೆದು ಮುನಿಯಮ್ಮನವರನ್ನು ಕೈಹಿಡಿದರು. ಮಕ್ಕಳಾದರು. ಬಳೆ ಮಾರುವ ಕುಲವೃತ್ತಿಯನ್ನು ಹಿಡಿದರು.

ಬಳೆಗಾರನ ವೃತ್ತಿ ಎಂದರೆ ಏನೆಂದು ಈಗಿನ ಎಳೆಯರಿಗೆ ಅಷ್ಟಾಗಿ ತಿಳಿಯದು. ಗಾಜಿನ ಬಳೆಗಳ ಮಲಾರವನ್ನು ಹೆಗಲಿಗೇರಿಸಿ ಊರಿಂದೂರಿಗೆ ನಡೆಯಬೇಕು. ಜಗಲಿಯ ಮೇಲೆ ಕುಳಿತು ಹೆಣ್ಣುಮಕ್ಕಳ ಕೈಯನ್ನು ನೋಯಿಸದಂತೆ ಮಿದುಮಾಡಿ ಬಳೆ ಏರಿಸಬೇಕು. ತವರಿನ ಸುದ್ದಿಯನ್ನು ಗಂಡನ ಮನೆಗೆ, ಗಂಡನ ಮನೆಯ ಸುದ್ದಿಯನ್ನು ತವರಿಗೆ ಮುಟ್ಟಿಸಬೇಕು. ದುಡ್ಡು ಕೂಡಲೇ ಕೈಗೆ ಬರುವುದು ಅಪರೂಪ. ಸುಗ್ಗಿಯಲ್ಲಿ ರಾಗಿಯೋ ಅವರೆಯೋ ಕೊಡುತ್ತೇವೆಂದರೆ ಒಪ್ಪಿಕೊಳ್ಳಬೇಕು. ಬಳೆಗಾರನು ಕೆಟ್ಟ ಮಾತಾಡಿದರೆ ಮರುವರ್ಷ ಆ ಬಾಗಿಲು ಅವನಿಗೆ ತೆರೆಯುವುದಿಲ್ಲ, ಮೆತ್ತಗಾದರೆ ಬಾಕಿ ವಸೂಲಾಗುವುದಿಲ್ಲ. ನಾರಾಯಣಪ್ಪನವರದು ಎರಡನೆಯ ಸ್ವಭಾವ. ಕೊಟ್ಟ ಬಳೆಗೆ ಹಣ ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಎಲ್ಲಿಯಾದರೂ ಭಜನೆ ನಡೆಯುತ್ತಿದ್ದರೆ ಮಲಾರವನ್ನು ಪಕ್ಕಕ್ಕಿಟ್ಟು ಅಲ್ಲೇ ಕುಳಿತುಬಿಡುವರು. ಸಂಜೆ ಮನೆಗೆ ಬರುವಾಗ ಕೈ ಬರಿದು.

ಸಂತರ ಕಥೆ ಹೇಳುವಾಗ ಮನೆಯಾಕೆಯನ್ನು ಗಯ್ಯಾಳಿಯಾಗಿ ಚಿತ್ರಿಸುವುದು ನಮ್ಮ ಹರಿಕಥೆಗಳಲ್ಲಿ ಬಂದಿರುವ ಒಂದು ರೂಢಿ. ದೇಹೂವಿನ ತುಕಾರಾಮರ ಪತ್ನಿಗೂ ಇದೇ ಗತಿಯಾಯಿತು. ಮುನಿಯಮ್ಮನವರ ವಿಷಯದಲ್ಲಿ ಹಾಗೆ ತೀರ್ಪು ಕೊಡುವುದು ನ್ಯಾಯವಲ್ಲ. ಒಲೆಯ ಮುಂದೆ ಕುಳಿತು ಮಕ್ಕಳ ಮುಖ ನೋಡಬೇಕಾದವರು ಅವರು. ಗಂಡನು ಸಾಧುವೆಂಬುದು ಊರಿಗೆ ಸಂತೋಷದ ಸಂಗತಿಯಾಗಬಹುದು, ಅಡಿಗೆಮನೆಯಲ್ಲಿ ಹಿಟ್ಟಿಲ್ಲದಿರುವುದನ್ನು ಊರು ನೋಡುವುದಿಲ್ಲ. ಆಕೆ ಬೇಸತ್ತು ಮಾತನಾಡಿದ್ದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ಆದರೆ ಆ ಮಾತುಗಳು ನಾರಾಯಣಪ್ಪನವರ ಒಳಗೆ ಬೇರೊಂದು ರೀತಿಯಲ್ಲಿ ಕೆಲಸ ಮಾಡಿದುವು. ಮನೆಯಲ್ಲಿ ಗಂಡ, ಮಕ್ಕಳಿಗೆ ತಂದೆ, ಊರಿನಲ್ಲಿ ಬಳೆಗಾರ, ಅಂಗಡಿಯವನಿಗೆ ಸಾಲಗಾರ, ದೇವಸ್ಥಾನದಲ್ಲಿ ಭಕ್ತ. ಇಷ್ಟು ಹೆಸರುಗಳಲ್ಲಿ ಯಾವುದನ್ನೂ ಸರಿಯಾಗಿ ನಿರ್ವಹಿಸಲಾಗದ ಈ ನಾನೆಂಬುವನು ಯಾರು? ಮುಂದೆ ಅವರ ತತ್ತ್ವಪದಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುವ ದೇಹಾಭಿಮಾನದ ವಿಚಾರಕ್ಕೆ ಬೇರು ಈ ಬಡ ಸಂಸಾರದಲ್ಲಿಯೇ ಇದೆ ಎನ್ನಬೇಕು.

ಅವರ ಕಾಲವೂ ಶಾಂತವಾದ ಕಾಲವಾಗಿರಲಿಲ್ಲ. ಅವರು ಹುಟ್ಟಿದಾಗ ಈ ಸೀಮೆ ಮೊಗಲರ ಶಿರಾ ಸುಬೇದಾರಿಕೆಗೆ ಒಳಪಟ್ಟಿತ್ತು. ಬಳಿಕ ಮರಾಠರ ದಂಡು ಬಂದಿತು. ಗುತ್ತಿಯ ಮುರಾರಿರಾಯನು ಈ ಭಾಗದಲ್ಲಿ ಪ್ರಬಲನಾಗಿದ್ದನು. ಅವನ ತಂದೆ ಹಿಂದೂರಾಯನ ಹೆಸರೇ ಹಿಂದೂಪುರಕ್ಕೆ ಬಂದಿತೆಂದು ಪ್ರತೀತಿ. 1761ರಲ್ಲಿ ಹೈದರಾಲಿಯು ಶಿರಾ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಹಿಡಿದನು. 1776ರಲ್ಲಿ ಗುತ್ತಿಯೂ ಅವನ ವಶವಾಯಿತು. 1791ರಲ್ಲಿ ಕಾರನ್‌ವಾಲೀಸನ ಸೈನ್ಯವು ಬೆಂಗಳೂರನ್ನು ತೆಗೆದುಕೊಂಡು, ಅದೇ ವರ್ಷ ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಏರಿತು. ಆ 1791 ಮತ್ತು 1792ರ ಸುಮಾರಿಗೇ ದಕ್ಷಿಣಾಪಥದಲ್ಲಿ ಜನರು ಬುರುಡೆಗಳ ಬರವೆಂದು ನೆನೆಯುವ ಘೋರ ಕ್ಷಾಮವೂ ಬಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ 1800ರಲ್ಲಿ ನಿಜಾಮನು ಅನಂತಪುರ, ಬಳ್ಳಾರಿ ಮುಂತಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು, ತಾಮಸ್ ಮನ್ರೋ ಅಲ್ಲಿಗೆ ಮುಖ್ಯ ಕಲೆಕ್ಟರನಾಗಿ ಬಂದನು. ಕೈವಾರ ಮೈಸೂರು ಸೀಮೆಯಲ್ಲಿ ಉಳಿಯಿತು, ಹಿಂದೂಪುರ, ಕಲ್ಯಾಣದುರ್ಗಗಳು ಕಂಪನಿಯ ಕಡೆಗೆ ಹೋದುವು. ಒಂದು ಆಯುಷ್ಯದಲ್ಲಿ ಇಷ್ಟು ದೊರೆತನಗಳು ಎದ್ದು ಬಿದ್ದುದನ್ನು ಕಂಡವರಿಗೆ ನನ್ನ ರಾಜ್ಯ, ನನ್ನ ಕೋಟೆ ಎಂಬ ಮಾತು ಎಷ್ಟು ದಿನದ್ದೆಂದು ಯಾರೂ ಬೇರೆಯಾಗಿ ಬೋಧಿಸಬೇಕಾಗಿರಲಿಲ್ಲ.

ಆದರೆ ವೈರಾಗ್ಯ ಬಂದ ಮಾತ್ರಕ್ಕೆ ಜ್ಞಾನ ಬರುವುದಿಲ್ಲ. ಬೇಸರಕ್ಕೂ ವೈರಾಗ್ಯಕ್ಕೂ ನೋಡಲು ಒಂದೇ ಬಣ್ಣ. ದಾರಿ ತಿಳಿದವರೊಬ್ಬರು ಬೇಕು. ನಾರಾಯಣಪ್ಪನವರು ಸಾಧುಸಂತರು ಕಂಡಲ್ಲಿ ನಿಂತು, ಅವರ ಸೇವೆ ಮಾಡಿ, ತಮ್ಮ ಸಂಶಯವನ್ನು ಮುಂದಿಟ್ಟರು. ಹೀಗೆ ಅಲೆಯುತ್ತಿದ್ದಾಗ ಅವರಿಗೆ ದೊರೆತ ಗುರುವೇ ಪರದೇಶಿಸ್ವಾಮಿಗಳು. ಈ ಮಹಾತ್ಮರ ಊರು, ಕುಲ, ಪೂರ್ವಾಶ್ರಮದ ಹೆಸರು ಯಾವುದನ್ನೂ ಪರಂಪರೆ ಉಳಿಸಿಲ್ಲ. ಪರದೇಶಿ ಎಂದರೆ ಯಾವ ಊರಿಗೂ ಸೇರದವನು. ನಾನು ಇಂಥವನೆಂಬ ಗುರುತನ್ನೇ ಬಿಟ್ಟವರ ಬಳಿಗೆ, ನಾನು ಯಾರೆಂದು ತಿಳಿಯದವರು ಹೋದಂತಾಯಿತು.

ಗುರುಗಳು ದೀರ್ಘವಾದ ಉಪನ್ಯಾಸ ಮಾಡಲಿಲ್ಲ. ಶಿಷ್ಯನ ಕೈಗೆ ಒಂದು ಬೆಣಚುಕಲ್ಲನ್ನು ಕೊಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡು ಓಂ ನಮೋ ನಾರಾಯಣಾಯ ಎಂಬ ಅಷ್ಟಾಕ್ಷರೀ ಮಂತ್ರವನ್ನು ಜಪಿಸುತ್ತಿರಬೇಕು, ಕಲ್ಲು ಕಲ್ಲುಸಕ್ಕರೆಯಾಗುವ ದಿನ ತಪಸ್ಸು ಸಿದ್ಧಿಸಿತೆಂದು ತಿಳಿಯಬೇಕು, ಉಪದೇಶವೆಂದರೆ ಇಷ್ಟೇ.

ಕಥೆಯನ್ನು ಕೇಳುವ ಮಕ್ಕಳು ಕಲ್ಲು ಸಕ್ಕರೆಯಾದದ್ದನ್ನಷ್ಟೇ ನೆನಪಿನಲ್ಲಿಡುತ್ತಾರೆ. ದೊಡ್ಡವರು ಆ ಉಪದೇಶದ ಒಳಗನ್ನು ಸ್ವಲ್ಪ ನೋಡಬೇಕು. ಬಾಯಲ್ಲಿ ಕಲ್ಲಿರುವವನು ಯಾರೊಡನೆಯೂ ವಾದ ಮಾಡಲಾರ. ತನ್ನ ಕಷ್ಟ ಹೇಳಿಕೊಳ್ಳಲಾರ, ತನ್ನ ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲಾರ. ಮನುಷ್ಯನ ಅಹಂಕಾರವು ದಿನದ ಬಹುಭಾಗ ನಾಲಿಗೆಯ ಮೇಲೆಯೇ ವಾಸ ಮಾಡುವುದರಿಂದ ಗುರುಗಳು ಮೊದಲು ಅದರ ಮನೆಬಾಗಿಲಿಗೇ ಕಲ್ಲಿಟ್ಟರು. ಇನ್ನು ಮಂತ್ರ. ನಮಃ ಎಂಬ ಪದಕ್ಕೆ ಬಲ್ಲವರು ನ ಮಮ, ಅಂದರೆ ನನ್ನದಲ್ಲ, ಎಂದು ಅರ್ಥ ಬಿಡಿಸುವುದುಂಟು. ಹಾಗೆ ನೋಡಿದರೆ ಇದು ದೇವರಿಂದ ಏನನ್ನೋ ಬೇಡುವ ಮಂತ್ರವಲ್ಲ, ಹೊತ್ತುಕೊಂಡಿರುವುದನ್ನು ಒಂದೊಂದಾಗಿ ಇಳಿಸುವ ಮಂತ್ರ. ಈ ದೇಹ ನನ್ನದಲ್ಲ, ಈ ಮನಸ್ಸು ನನ್ನದಲ್ಲ, ಕೊನೆಗೆ ಈ ನಾನೂ ನನ್ನದಲ್ಲ, ಎಲ್ಲವೂ ನಾರಾಯಣನದು. ಸಾವಿರ ಸಲ, ಲಕ್ಷ ಸಲ ಇದನ್ನೇ ಅನುಸಂಧಾನ ಮಾಡಿದರೆ, ಇಳಿಸಬೇಕಾದವನೂ ಹೊರೆಯ ಜೊತೆಗೇ ಇಳಿದುಹೋಗುತ್ತಾನೆ.

ನಾರಾಯಣಪ್ಪನವರು ಮನೆಯನ್ನು ಬಿಟ್ಟು ಕೈವಾರದ ಸಮೀಪದ ಬೆಟ್ಟದಲ್ಲಿರುವ ನರಸಿಂಹ ಗುಹೆಯನ್ನು ಸೇರಿದರು. ಭಕ್ತರು ಆ ಸ್ಥಳವನ್ನು ವೈಕುಂಠವೆಂದು ಕರೆಯುತ್ತಾರೆ. ಅಲ್ಲಿ ಮೂರು ವರ್ಷಗಳ ಕಾಲ ತಪಸ್ಸು ನಡೆಯಿತು. ಕಲ್ಲು ಮೊದಲ ದಿನವೂ ಕಲ್ಲು, ಒಂದು ವರ್ಷವಾದ ಮೇಲೂ ಕಲ್ಲು, ಎರಡು ವರ್ಷವಾದ ಮೇಲೂ ಕಲ್ಲು. ಕೆಳಗೆ ಊರಿನಲ್ಲಿ ಹೆಂಡತಿ ಮಕ್ಕಳು. ಇಳಿದುಹೋಗಿ ಮತ್ತೆ ಮಲಾರ ಹೊರಲು ಯಾರ ಅಡ್ಡಿಯೂ ಇರಲಿಲ್ಲ. ಬಳೆ ಮಾರಿ ಬರಿಗೈಯಲ್ಲಿ ಬಂದವನು ತಪಸ್ಸಿನಿಂದಲೂ ಬರಿಗೈಯಲ್ಲಿ ಬಂದನೆಂದು ಜನ ನಾಲ್ಕು ದಿನ ನಕ್ಕು ಸುಮ್ಮನಾಗುತ್ತಿದ್ದರು. ಕಾಡಿನ ಹುಲಿ ಹಾವುಗಳಿಗಿಂತ ಈ ಸಂಶಯವೇ ಗುಹೆಯೊಳಗಿನ ದೊಡ್ಡ ಮೃಗ. ಗುರುವಿನ ಮಾತು ನಿಜವೋ ಅಲ್ಲವೋ ಎಂದು ಅಳೆಯಲು ಅವರ ಬಳಿ ಇದ್ದ ಸಾಕ್ಷಿ ಎಂದರೆ ನಾಲಿಗೆಯ ಮೇಲಿನ ಆ ರುಚಿಯಿಲ್ಲದ ಕಲ್ಲೊಂದೇ. ಅವರು ಅದನ್ನು ಉಗುಳಲಿಲ್ಲ. ಮೂರು ವರ್ಷ ತುಂಬುವ ಹೊತ್ತಿಗೆ ಒಂದು ದಿನ ಬಾಯೆಲ್ಲ ಸಿಹಿಯಾಯಿತು. ಕಲ್ಲು ಕಲ್ಲುಸಕ್ಕರೆಯಾಗಿ ಕರಗಿತ್ತು.

ಈ ಪವಾಡವನ್ನು ನಂಬುವವರು ಹಾಗೆಯೇ ನಂಬಲಿ. ಅದರಲ್ಲಿ ತಪ್ಪೇನೂ ಇಲ್ಲ. ಸಕ್ಕರೆ ಕರಗುವಾಗ ಏನಾಗುತ್ತದೆಂಬುದನ್ನು ಮಾತ್ರ ಗಮನಿಸಬೇಕು. ಕಲ್ಲು ಬಾಯಲ್ಲಿ ಬೇರೆಯಾಗಿಯೇ ಉಳಿಯುತ್ತದೆ. ಅದಕ್ಕೆ ಅಂಚು ಉಂಟು, ಗಾತ್ರ ಉಂಟು. ನಾಲಿಗೆ ಬೇರೆ, ಕಲ್ಲು ಬೇರೆ. ಸಕ್ಕರೆಯಾದ ಮೇಲೆ ಅದು ಎಲ್ಲಿದೆಯೆಂದು ತೋರಿಸಲಾಗದು, ಬಾಯೆಲ್ಲ ಸಿಹಿಯಾಗಿರುತ್ತದೆ. ಜೀವನು ತಾನು ಬೇರೆಯೆಂದು ತಿಳಿದಿರುವಷ್ಟು ಕಾಲ ಕಲ್ಲು, ಆ ಬೇರೆತನ ಕರಗಿದ ಕ್ಷಣ ಸಕ್ಕರೆ. ವೇದಾಂತದ ಗ್ರಂಥಗಳು ಜೀವಬ್ರಹ್ಮೈಕ್ಯವೆಂದು ದೊಡ್ಡ ಮಾತಿನಲ್ಲಿ ಹೇಳುವುದನ್ನು ಪರದೇಶಿಸ್ವಾಮಿಗಳು ಒಂದು ಬೆಣಚುಕಲ್ಲಿನಲ್ಲಿ ಹೇಳಿ ಮುಗಿಸಿದ್ದರು. ಅದನ್ನು ಗ್ರಹಿಸಲು ಬಳೆಗಾರರಿಗಿಂತ ಯೋಗ್ಯನಾದ ಶಿಷ್ಯನಾದರೂ ಎಲ್ಲಿ ಸಿಕ್ಕಾನು? ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಮಣ್ಣು, ಚಿನ್ನಗಳ ದೃಷ್ಟಾಂತ ಕೊಟ್ಟು, ರೂಪನಾಮಗಳು ಹಲವಾದರೂ ವಸ್ತು ಒಂದೇ ಎಂದು ತಿಳಿಸುತ್ತಾನೆ. ಹಸಿರು ಬಳೆ, ಕೆಂಪು ಬಳೆ, ಮದುಮಗಳ ಬಳೆ, ಹಸುಗೂಸಿನ ಬಳೆ ಎಂದು ದಿನವೂ ವಿಂಗಡಿಸಿದ ಕೈಗೆ, ಒಡೆದ ಮೇಲೆ ಉಳಿಯುವುದು ಗಾಜೊಂದೇ ಎಂಬುದು ಹೊಸ ಪಾಠವಲ್ಲ.

ಗುಹೆಯಿಂದ ಹೊರಬಂದವರನ್ನು ಜನ ಬಳೆಗಾರ ನಾರಾಯಣಪ್ಪ ಎನ್ನಲಿಲ್ಲ. ಅವರು ಯೋಗಿ ನಾರೇಯಣರಾದರು, ವಯಸ್ಸಾದಂತೆ ತಾತಯ್ಯನವರಾದರು. ಅವರು ದೂರದ ಕಾಶಿಗೋ ಹಿಮಾಲಯಕ್ಕೋ ಹೋಗಿ ನೆಲೆಸಲಿಲ್ಲ. ತಮ್ಮನ್ನು ಹುಟ್ಟಿನಿಂದ ಬಲ್ಲ, ತಮ್ಮ ಬಡತನವನ್ನೂ ಸೋಲನ್ನೂ ಕಂಡಿದ್ದ ಕೈವಾರದಲ್ಲಿಯೇ ಉಳಿದರು. ಇದು ಸುಲಭವಾದ ಮಾತಲ್ಲ. ಅಪರಿಚಿತರ ನಡುವೆ ಯೋಗಿಯಾಗಿ ಬಾಳಬಹುದು. ಬಾಕಿ ಕೊಡಬೇಕಾದವರ, ಚುಡಾಯಿಸಿದವರ ನಡುವೆ ಬಾಳುವಾಗ ಕರಗಿದ್ದು ನಿಜವಾಗಿಯೂ ಕರಗಿದೆಯೋ ಇಲ್ಲವೋ ಎಂಬುದು ದಿನದಿನವೂ ಪರೀಕ್ಷೆಗೆ ಬರುತ್ತದೆ.

ಅಲ್ಲಿಂದ ಮುಂದೆ ಅವರ ಬಾಯಿಂದ ಹಾಡುಗಳು ಹರಿದುವು. ತೆಲುಗಿನಲ್ಲಿ ಅಮರನಾರೇಯಣ ಶತಕ, ತೆಲುಗು ಕನ್ನಡ ಎರಡರಲ್ಲಿಯೂ ಕೀರ್ತನೆಗಳು, ತತ್ತ್ವಪದಗಳು, ಇವಲ್ಲದೆ ಬಹುಪ್ರಸಿದ್ಧವಾದ ಕಾಲಜ್ಞಾನ. ಅನೇಕರು ತಾತಯ್ಯನವರನ್ನು ಬಲ್ಲುದು ಕಾಲಜ್ಞಾನದಿಂದಲೇ. ಮುಂದೆ ಏನಾಗುವುದೆಂದು ಕೇಳುವ ಕುತೂಹಲ ಮನುಷ್ಯನಿಗೆ ಸಹಜ. ಆದರೆ ಇದರಿಂದ ಒಂದು ನಷ್ಟವೂ ಆಗಿದೆ. ಲೋಕಕ್ಕೆ ನಾಳೆ ಏನಾಗುವುದೆಂದು ಕೇಳುವವರು ನೂರು ಜನರಾದರೆ, ಕೇಳುತ್ತಿರುವ ತಾನು ಯಾರೆಂದು ಕೇಳಲು ಅವರ ಪದಗಳ ಬಳಿಗೆ ಹೋಗುವವರು ನಾಲ್ಕೈದು ಜನ. ತಾತಯ್ಯನವರು ಹೆಚ್ಚಾಗಿ ಹಾಡಿರುವುದು ಈ ಎರಡನೆಯ ಗುಂಪಿನವರಿಗಾಗಿ. ದೇಹದ ನಶ್ವರತೆ, ಮನಸ್ಸಿನ ಚಪಲತೆ, ಗುರುವಿಲ್ಲದೆ ಗುರಿ ಕಾಣದೆಂಬ ನಿಶ್ಚಯ, ಹೊರಗಿನ ಡಂಭಾಚಾರದ ಖಂಡನೆ, ಕುಲದ ಹೆಮ್ಮೆಯ ಪೊಳ್ಳುತನ, ತನ್ನೊಳಗೇ ಇರುವ ನಾರಾಯಣನ ದರ್ಶನ, ಇವೇ ಅವರ ಪದಗಳ ಜೀವಾಳ.

ಅವರ ಅಂಕಿತದ ವಿಷಯದಲ್ಲಿ ಒಂದು ಸೊಗಸುಂಟು. ಪದಗಳ ಕೊನೆಯಲ್ಲಿ ಬರುವುದು ಅಮರನಾರೇಯಣ ಎಂಬ ಮುದ್ರೆ. ಅದು ಕೈವಾರದ ಸ್ವಾಮಿಯ ಹೆಸರು. ಹಾಡಿದವರ ಹೆಸರೂ ನಾರೇಯಣ. ಹಾಡನ್ನು ಭಕ್ತನು ದೇವರಿಗೆ ಒಪ್ಪಿಸುತ್ತಿದ್ದಾನೆಯೋ, ದೇವರೇ ತನ್ನ ಹೆಸರು ಹಾಕಿ ಹಾಡುತ್ತಿದ್ದಾನೆಯೋ ಹೇಳಲು ಬಾರದು. ತಾಯಿತಂದೆಗಳು ಇಟ್ಟ ಹೆಸರೇ ಕೊನೆಗೆ ಉಪದೇಶವಾಗಿ ಪರಿಣಮಿಸಿತು.

ಕಡಪದ ಕಡೆ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳು ಕಾಲಜ್ಞಾನ ಹೇಳಿದವರೆಂದು ಪ್ರಸಿದ್ಧರು. ಕದಿರಿಗೆ ಸಮೀಪದ ಕಟಾರುಪಲ್ಲಿಯಲ್ಲಿ ಯೋಗಿ ವೇಮನರ ಸಮಾಧಿ ಇದೆ. ಕನ್ನಡದಲ್ಲಿ ನಿಜಗುಣ ಶಿವಯೋಗಿಗಳು, ಜ್ಞಾನಸಿಂಧುವಿನ ಚಿದಾನಂದ ಅವಧೂತರು ವೇದಾಂತವನ್ನು ಜನರ ಮಾತಿಗೆ ಇಳಿಸಿದರು. ಈ ಎರಡು ತೊರೆಗಳೂ ಸೇರುವ ಸಂಗಮಸ್ಥಾನದಲ್ಲಿ ತಾತಯ್ಯನವರು ನಿಂತಿದ್ದಾರೆ. ತೆಲುಗಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವುದು ಈ ಗಡಿಸೀಮೆಯ ಭಜನೆಯವರಿಗೆ ಹೊಸದಲ್ಲ. ಅರ್ಥ ಕೇಳಿದರೆ ಕನ್ನಡದಲ್ಲಿ ಹೇಳುತ್ತಾರೆ. 1953ರಲ್ಲಿ ಆಂಧ್ರ ರಾಜ್ಯವಾದಾಗ, 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಭೂಪಟದಲ್ಲಿ ಗೆರೆಗಳು ಸರಿದಾಡಿದುವು. 2022ರಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿ ಉಳಿಯಿತು. ತಂಬೂರಿ, ತಾಳಗಳು ಹಿಡಿದ ಕೈಗಳಿಗೆ ಈ ಗೆರೆಗಳು ತಾಕಿದಂತೆ ಕಾಣುವುದಿಲ್ಲ.

ತಾತಯ್ಯನವರು ಪೀಠವನ್ನು ಕಟ್ಟಲಿಲ್ಲ, ಬಿರುದುಗಳನ್ನು ಹೊರಲಿಲ್ಲ. ಬಂದವರು ಯಾವ ಕುಲದವರೆಂದು ವಿಚಾರಿಸದೆ ನಾರಾಯಣ ಸ್ಮರಣೆಯನ್ನು ಹಂಚಿದರು. ಹೆಚ್ಚಾಗಿ ಬಂದವರು ಒಕ್ಕಲು ಮಕ್ಕಳು, ಕುಶಲಕರ್ಮಿಗಳು, ಸಂತೆಯ ವ್ಯಾಪಾರಿಗಳು. ಶಾಸ್ತ್ರ ಓದದವರಿಗೂ ಆತ್ಮವಿಚಾರ ಸಲ್ಲುತ್ತದೆಂಬ ಧೈರ್ಯ ಅವರಿಗೆ ತಾತಯ್ಯನವರನ್ನು ಕಂಡೇ ಬಂದಿರಬೇಕು. ಬಳೆಯ ಲೆಕ್ಕವನ್ನೇ ನೆಟ್ಟಗೆ ಇಡಲಾಗದೆ ಹೋದವರು ಎದುರಿಗೇ ಕುಳಿತಿದ್ದರಲ್ಲ!

1836ರಲ್ಲಿ, 110 ವರ್ಷಗಳ ತುಂಬು ಬಾಳಿನ ಬಳಿಕ, ಯೋಗಿ ನಾರೇಯಣರು ಕೈವಾರದಲ್ಲಿಯೇ ಜೀವಸಮಾಧಿ ಹೊಂದಿದರೆಂದು ಪರಂಪರೆ. ಅದಕ್ಕೆ ಐದು ವರ್ಷ ಮುಂಚೆ, 1831ರಲ್ಲಿ ಮೈಸೂರಿನ ಆಡಳಿತವೂ ಅರಸರ ಕೈಯಿಂದ ಕಮಿಷನರ ಕೈಗೆ ಹೋಗಿತ್ತು. ಅವರು ಕಂಡ ದೊರೆತನಗಳ ಸಾಲಿಗೆ ಅದು ಕೊನೆಯದು.

ಬಹುಕಾಲ ಕೈವಾರ ಸುತ್ತಲಿನ ಭಕ್ತರಿಗಷ್ಟೇ ತಿಳಿದ ಊರಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಡಾ. ಎಂ. ಎಸ್. ರಾಮಯ್ಯನವರು ಮುಂದೆ ನಿಂತು ಶ್ರೀ ಯೋಗಿ ನಾರೇಯಣ ಮಠದ ಕಾರ್ಯಗಳಿಗೆ ಆಧಾರವಾದರು. ಅವರು 1997ರಲ್ಲಿ ದೈವಾಧೀನರಾದರು. ಇಂದು ಮಠದಲ್ಲಿ ನಿತ್ಯಪೂಜೆ, ಅನ್ನದಾಸೋಹ ನಡೆದುಬರುತ್ತಿವೆ. ಫಾಲ್ಗುಣ ಹುಣ್ಣಿಮೆಗೆ ತಾತಯ್ಯನವರ ಜಯಂತಿ. ಆಷಾಢದ ಗುರುಪೂರ್ಣಿಮೆಗೆ ಮೂರು ದಿನ ಹಗಲಿರುಳೆನ್ನದೆ ಸಂಗೀತೋತ್ಸವ. ದೊಡ್ಡ ವಿದ್ವಾಂಸರು ಹಾಡುವ ವೇದಿಕೆಗೇ ಹಳ್ಳಿಯ ಭಜನೆಯವರೂ ತಂಬೂರಿ ಹಿಡಿದು ಬರುತ್ತಾರೆ.

ಹಿಂದೂಪುರದ ಕಡೆಯಿಂದ ಹೊರಡುವವರು ಗೌರಿಬಿದನೂರು, ಚಿಕ್ಕಬಳ್ಳಾಪುರದ ದಾರಿ ಹಿಡಿದು ಚಿಂತಾಮಣಿ ಸೀಮೆಯನ್ನು ಸೇರುತ್ತಾರೆ. ಅಮರನಾರಾಯಣಸ್ವಾಮಿಯ ದರ್ಶನ ಮಾಡಿ, ತಾತಯ್ಯನವರ ಸಮಾಧಿಗೆ ನಮಸ್ಕರಿಸಿ, ಕಾಲಿನಲ್ಲಿ ಬಲವಿದ್ದವರು ಬೆಟ್ಟದ ಕಡೆಗೆ ನಡೆದು ನರಸಿಂಹ ಗುಹೆಯನ್ನೂ ನೋಡಿಕೊಂಡು ಬರುತ್ತಾರೆ. ಒಳಗೆ ಹೋದವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಮಾತಿಲ್ಲದೆ ಕುಳಿತು ಏಳುತ್ತಾರೆ.